ನರಸೀಪುರದ ಬೆರಳು, ನಂಜನಗೂಡಿನ ಕಂಪ್ಯೂಟರು

ನಂಜನಗೂಡಿನ ನಮ್ಮ ಪ್ರೆಸ್ಸಿನ ಒಳಕೋಣೆಯಲ್ಲಿ ವಿರಾಜಮಾನರಾಗಿರುವ ದೊಡ್ಡ ಕಂಪ್ಯೂಟರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಫ್ಯಾನಿನ ಗಾಳಿ, ಗಾಜಿನ ಬಾಗಿಲು, ಧೂಳು ಸೋಕದಂತೆ ಹೊದಿಸಿದ ಹೂವಿನ ಬಟ್ಟೆ ಇವುಗಳ ನಡುವೆ ಕ್ಷೇಮವಾಗಿರುವ ತಮಗೆ, ಟಿ. ನರಸೀಪುರದ ಬಸ್ ನಿಲ್ದಾಣದೆದುರಿನ ಶಾಖೆಯಿಂದ ಇಂದ್ರಾಣಿ ಮಾಡುವ ನಮಸ್ಕಾರಗಳು. ಈ ನಮಸ್ಕಾರ ತಮ್ಮನ್ನು ತಲುಪಿ, ತಾವು ಅದನ್ನು ಒಪ್ಪಿಕೊಂಡದ್ದು ನನ್ನ ಪರದೆಯ ಮೇಲೆ ಕಾಣಿಸುವಷ್ಟರಲ್ಲಿ ನಾನೊಂದು ಲೋಟ ಕಾಫಿ ಕುಡಿದು ಮುಗಿಸಿರುತ್ತೇನೆ ಎಂಬುದು ತಮಗೆ ತಿಳಿಯದ ಸಂಗತಿಯೇನಲ್ಲ.

ನಮ್ಮ ಮಾಲೀಕರಾದ ಶಿವಮಲ್ಲಪ್ಪನವರು ಲಗ್ನಪತ್ರಿಕೆ ಮಾಡುವ ಹೊಸ ಸಾಫ್ಟ್‌ವೇರನ್ನು ತಮ್ಮಲ್ಲಿ ಮಾತ್ರ ಹಾಕಿಸಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ನನ್ನ ಮೇಜಿನ ಮೇಲಿಟ್ಟು, ಎರಡನ್ನೂ ಟೆಲಿಫೋನ್ ತಂತಿಯಿಂದ ಗಂಟು ಹಾಕಿದ ದಿನ, "ಮಿಷಿನ್ನು ಅಲ್ಲೇ ಇರ್ಲಿ ಕಣಮ್ಮ, ನೀನು ಇಲ್ಲಿಂದ್ಲೇ ಓಡ್ಸು" ಎಂದಿದ್ದರು. ಅಂದಿನಿಂದ ನನ್ನ ಬೆರಳು ಇಲ್ಲಿ ಒತ್ತಿದ್ದು ಅಲ್ಲಿ ತಮ್ಮೊಳಗೆ ಅಕ್ಷರವಾಗಿ, ತಮ್ಮ ಪರದೆಯ ಚಿತ್ರ ಇಲ್ಲಿ ನನ್ನೆದುರು ಮೂಡುತ್ತಿದೆ. ಆದರೆ ತಮ್ಮ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿರುವ ಆಪರೇಟರ್ ರಂಗನಾಯಕರಿಗೂ ಕೈಗಳಿವೆ ಎಂಬುದನ್ನಾಗಲಿ, ತಂತಿ ತಮ್ಮ ಸೇವೆಯಲ್ಲಿರುವಷ್ಟು ಹೊತ್ತು ಎರಡೂ ಅಂಗಡಿಯ ಫೋನು ಸತ್ತಂತೆಯೇ ಎಂಬುದನ್ನಾಗಲಿ ಮಾಲೀಕರು ಯೋಚಿಸಿದಂತಿಲ್ಲ. ತಾವಾದರೂ ಯೋಚಿಸಬಹುದಿತ್ತು, ಮೆಮೊರಿ ಬಹಳ ಇದೆಯೆಂದು ತಮ್ಮ ಪೆಟ್ಟಿಗೆಯ ಮೇಲೇ ಬರೆದುಕೊಂಡಿದ್ದೀರಿ.

ಕಳೆದ ಮಾಘದಲ್ಲಿ ಮುಡುಕುತೊರೆಯ ಪುಟ್ಟಮಾದಮ್ಮನವರು ಮಗಳು ಮಧುಶ್ರೀಯ ಲಗ್ನಪತ್ರಿಕೆ ಮಾಡಿಸಲು ಬಂದರು. ಅಂಗನವಾಡಿಯಲ್ಲಿ ಸಹಾಯಕಿಯಾಗಿರುವ ಹೆಂಗಸು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಮಗಳು ತೊಟ್ಟಿಲಲ್ಲಿದ್ದಾಗಲೇ ಮನೆ ಬಿಟ್ಟ ಗಂಡ ಬೇರೆಲ್ಲೋ ಸಂಸಾರ ಹೂಡಿದ್ದಾನಂತೆ. ಹೆಡತಲೆಯಲ್ಲಿರುವ ವರನ ಸೋದರಮಾವ ಶಿವಮೂರ್ತಿಯವರು, ಹೇಗಾದರೂ ಇರಲಿ, ಪತ್ರಿಕೆಯಲ್ಲಿ ಹುಡುಗಿಯ ತಂದೆಯ ಹೆಸರು ಇದ್ದರೆ ಗೌರವ ಎಂದು ಹೇಳಿ ಕಳಿಸಿದ್ದರು. ಪುಟ್ಟಮಾದಮ್ಮನವರು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, "ಸಾಕ್ದೋಳು ನಾನು, ಕರೆಯೋಳೂ ನಾನು. ನನ್ನ ಒಬ್ಬಳ ಎಸ್ರು ಆಕವ್ವ" ಎಂದರು.

ಸುಖಾಗಮನ ಬಯಸುವವರ ಜಾಗದಲ್ಲಿ 'ಶ್ರೀಮತಿ ಪುಟ್ಟಮಾದಮ್ಮ' ಎಂದು ಬರೆದೆ. ಹೆಸರಿಗಿಂತ ಮೊದಲು ತಾನೇ ತಾನಾಗಿ 'ಶ್ರೀ' ಎಂದೂ, ಒಂದಷ್ಟು ಚುಕ್ಕಿಗಳೂ, 'ಮತ್ತು' ಎಂದೂ ಮೂಡಿತು. ಅಳಿಸಿದೆ. ಮತ್ತೆ ಮೂಡಿತು. ಪುಟ್ಟಮಾದಮ್ಮನವರ ಮುಖ ಸಣ್ಣದಾಯಿತು.

"ಯಾರವ್ವ ಅದು ಬರೀತಿರೋದು?"

"ನಂಜನಗೂಡಲ್ಲಿರೋ ಮಿಷಿನ್ನಮ್ಮ."

"ಅದ್ಕೇನು ಗೊತ್ತು ನಮ್ಮನೆ ಇಚಾರ?"

ಫೋನು ಮಾಡಿ ಕೇಳೋಣವೆಂದರೆ ತಂತಿ ತಮ್ಮ ಬಳಿ. ಬೇರೆ ದಾರಿ ಕಾಣದೆ, ಬಂಗಾರದ ಬಣ್ಣದ ಬಳ್ಳಿಯಂಥ ಆ ಅಕ್ಷರಗಳಲ್ಲೇ, ಪತ್ರಿಕೆಯ ಒಳಗೇ, 'ರಂಗನಾಯಕರೇ, ಕೈ ತೆಗೆಯಿರಿ' ಎಂದು ಬರೆದೆ. ತುಸು ಹೊತ್ತಿನ ಮೇಲೆ ಅದರ ಕೆಳಗೆ ಉತ್ತರ ಬಂತು: 'ತಂದೆ ಹೆಸ್ರು ಬಿಟ್ಟೋಗದೆ. ಸರಿ ಮಾಡ್ತಿವ್ನಿ. ನೀವು ಮೌಸ್ ಬಿಡಿ.' ತಾಯಿಯೊಬ್ಬರೇ ಕರೆಯುತ್ತಿರುವುದೆಂದು ನಾನು ತಿಳಿಸಿದೆ. 'ಗಂಡಿನ ಕಡೆಯೋರು ಒಪ್ತಾರಾ?' ಎಂದು ಬಂತು.

ಪುಟ್ಟಮಾದಮ್ಮನವರು ಅದನ್ನು ಬೆರಳಿಟ್ಟು ಓದಿದರು. ಸೆರಗು ಸರಿ ಮಾಡಿಕೊಂಡು, "ಬರಿ ಅವ್ವ. ಒಪ್ಪೋರು ಬನ್ನಿ, ಒಪ್ದೋರು ನಿಮ್ ನಿಮ್ಮನೇಲಿ ಚೆಂದಾಗಿರಿ" ಎಂದರು. ಬರೆದೆ. ಅದು ರಂಗನಾಯಕರಿಗೆ ಕೊಟ್ಟ ಉತ್ತರ, ಪತ್ರಿಕೆಯ ಮಾತಲ್ಲ ಎಂದು ತಿಳಿಸುವಷ್ಟರಲ್ಲಿ ತಾವು, ಯಾವ ಮುನಿಸೋ ಏನೋ, ಸಂಪರ್ಕ ಕಡಿದುಕೊಂಡಿರಿ; ಆಮೇಲೆ ಫೋನೂ ಹತ್ತಲಿಲ್ಲ.

ಆಮೇಲಿನದು ತಮ್ಮ ಪರಾಕ್ರಮ. ರಂಗನಾಯಕರು 'ಶ್ರೀ'ಯನ್ನೂ ನಮ್ಮಿಬ್ಬರ ಜಗಳವನ್ನೂ ಅಳಿಸಿ, ಕೊನೆಯ ಸಾಲು ಮಾತ್ರ ತಾಯಿಯ ಒಕ್ಕಣೆಯೇ ಇರಬೇಕೆಂದು ಉಳಿಸಿಕೊಂಡರು. ತಾವು ಎರಡು ಮಾತಾಡದೆ ಅಷ್ಟೂ ಪತ್ರಿಕೆಗಳ ಮೇಲೆ ಅಚ್ಚು ಹಾಕಿದಿರಿ. ಬಸ್ಸಿನಲ್ಲಿ ಬಂದ ಕಟ್ಟು ಬಿಚ್ಚಿ ನೋಡಿದರೆ ಆ ಸಾಲು ಬಂಗಾರದ ಅಕ್ಷರದಲ್ಲಿ ಹಾಗೇ ಇತ್ತು. ಮತ್ತೆ ಮಾಡಿಸಿಕೊಡುತ್ತೇನೆಂದು ಬೇಡಿಕೊಂಡೆ. ಪುಟ್ಟಮಾದಮ್ಮನವರು ಪತ್ರಿಕೆಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿ, "ಇರ್ಲಿ ಬುಡವ್ವ. ನಾನು ಬಾಯ್ಬಿಟ್ಟು ಏಳಾಕಾಗ್ದೆ ಇದ್ದದ್ದು ಇದೇಯ" ಎಂದು ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ಮದುವೆಗೆ ನಾನೂ ಹೋಗಿದ್ದೆ. ಬಾರದೆ ಉಳಿದರೆ ಒಪ್ಪದವರ ಲೆಕ್ಕಕ್ಕೆ ಸೇರಿಬಿಡುತ್ತೇವೆಂದು ಹೆದರಿ ನೆಂಟರಿಷ್ಟರೆಲ್ಲ ಬಂದು, ಚಪ್ಪರ ಸಾಲದೆ ಪಕ್ಕದ ಮನೆಯ ಜಗಲಿಯಲ್ಲೂ ಎಲೆ ಹಾಕಿದರು. ಮುಂದಿನ ಸಾಲಿನಲ್ಲಿ ಶಲ್ಯ ಹೊದ್ದು ಕೂತಿದ್ದ ಶಿವಮೂರ್ತಿಯವರು ಪುಟ್ಟಮಾದಮ್ಮನವರನ್ನು ಕರೆದು, "ಮೊದಲ್ನೇ ಬಸ್ಗೇ ಬಂದಿವ್ನಿ ಕಣವ್ವ, ನೋಡ್ಕೊ" ಎಂದರು. ಆಕೆ, "ನೋಡ್ದೆ ಕಣಣ್ಣ, ಊಟ ಮಾಡಿ" ಎಂದರು. ಧಾರೆಯ ಹೊತ್ತಿನಲ್ಲಿ ಒಬ್ಬರೇ ನಿಂತು ಹಾಲೆರೆದರು. ಒಂದು ಹನಿಯೂ ಆಚೆ ಚೆಲ್ಲಲಿಲ್ಲ.

ಆದ್ದರಿಂದ ಮಾನ್ಯರೇ, ದೂರು ಕೊಡಲೆಂದು ಕೂತವಳು ತಮ್ಮನ್ನು ಹೊಗಳುವ ಸಂಕಟದಲ್ಲಿದ್ದೇನೆ. ಇನ್ನು ಮುಂದೆ ಗಿರಾಕಿಯ ಮಾತು ಯಾವುದು, ನಮ್ಮ ಜಗಳ ಯಾವುದು ಎಂದು ತಾವೇ ಬೇರ್ಪಡಿಸಿ ಅಚ್ಚು ಹಾಕಬೇಕೆಂದೂ, ಅದು ಆಗದಿದ್ದರೆ ತಪ್ಪು ಮಾಡಿದಾಗಲೆಲ್ಲ ಇಷ್ಟೇ ಸರಿಯಾಗಿ ಮಾಡಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ಮುಖವನ್ನೇ ಕಾಣದೆ ತಮ್ಮೊಳಗೆ ಕೈಯಾಡಿಸುತ್ತಿರುವ,
ತಮ್ಮ ವಿಶ್ವಾಸಿ,
ಇಂದ್ರಾಣಿ

ತಾಜಾ ಕಲಂ: ತಲಕಾಡಿನಲ್ಲೂ ಒಂದು ಶಾಖೆ ತೆರೆದು ಅದನ್ನೂ ತಮಗೇ ಗಂಟು ಹಾಕಲು ಮಾಲೀಕರು ಹೊರಟಿದ್ದಾರೆ. ಮಾತಾಡಲಿಕ್ಕೆಂದೇ ಇನ್ನೊಂದು ಫೋನು ಹಾಕಿಸಿರೆಂದು ನಾನು ಹೇಳಿದರೆ ಅವರಿಗೆ ಕೇಳಿಸದು. ತಾವು ಒಮ್ಮೆ ಕುಂಯ್ ಎಂದರೆ ಸಾಕು, ಊಟ ಬಿಟ್ಟು ಎದ್ದು ಬರುತ್ತಾರೆ, ದಯವಿಟ್ಟು ಅನ್ನಿ.