ಹಾಲು ಉಕ್ಕುವ ತನಕದ ಬೆನ್ನುಡಿ

ಪುಸ್ತಕ ಕೊಳ್ಳುವ ಮೊದಲು ನೀವು ಅದನ್ನು ತಿರುಗಿಸಿ ಬೆನ್ನು ನೋಡುತ್ತೀರಲ್ಲ, ಅಲ್ಲಿರುವ ನಾಲ್ಕು ಸಾಲು ಬರೆಯುವ ಬಡಪ್ರಾಣಿ ನಾನೇ. ಕಥೆ ಬರೆದವರ ಹೆಸರು ಮುಖಪುಟದಲ್ಲಿರುತ್ತದೆ. ಅಚ್ಚು ಹಾಕಿದವರದು ಒಳಪುಟದಲ್ಲಿ. ರಟ್ಟು ಕಟ್ಟಿದವರದೂ ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕೀತು. ನನ್ನದು ಮಾತ್ರ ಎಲ್ಲೂ ಇಲ್ಲ. ಮನೆಯಲ್ಲಂತೂ ಕೇಳಲೇಬೇಡಿ. ನಿಮ್ಮ ಯಜಮಾನರು ಏನು ಬರೆಯುತ್ತಾರೆ ಎಂದು ಯಾರಾದರೂ ವಿಚಾರಿಸಿದರೆ ನನ್ನ ಹೆಂಡತಿ, "ಪುಸ್ತಕದ ಹಿಂದ್ಗಡೆ ಏನೋ ಬರೀತಾರೆ" ಎನ್ನುತ್ತಾಳೆ, ಗೋಡೆಯ ಮೇಲೆ ಇದ್ದಿಲಿನಿಂದ ಗೀಚುವವನ ಬಗ್ಗೆ ಹೇಳಿದ ಹಾಗೆ.

ಹೀಗಿರುವಾಗ ನಮ್ಮ ಪ್ರಕಾಶಕರು ಒಂದು ಗೂಢಚಾರ ಕಾದಂಬರಿಯ ಹಸ್ತಪ್ರತಿ ಕಳಿಸಿ ಫೋನ್ ಮಾಡಿದರು. "ಈ ಸಲ ಓದುಗ ಅಂಗಡೀಲೇ ನಿಂತು ಉಗುರು ಕಚ್ಬೇಕು ಸ್ವಾಮಿ. ಹಾಗೆ ಬರೆದ್ರೆ ಬೆನ್ನುಡಿ ಕೆಳಗೆ ನಿಮ್ಮ ಹೆಸರು ಹಾಕಿಸ್ತೀನಿ."

ಹೆಸರು! ಅದೂ ಅಚ್ಚಿನಲ್ಲಿ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಿಮಗೊಂದು ಗುಟ್ಟು ಹೇಳುತ್ತೇನೆ. ನಾನು ಪುಸ್ತಕಗಳನ್ನು ಓದುವುದಿಲ್ಲ. (ಓದುತ್ತ ಕೂತರೆ ಬರೆಯುವುದು ಯಾವಾಗ?) "ಬೆಚ್ಚಿಬೀಳುವಿರಿ! ಬೆರಗಾಗುವಿರಿ! ಕೆಳಗಿಡಲಾರಿರಿ!" ಎಂಬ ಬ್ರಹ್ಮಾಸ್ತ್ರ ಒಂದಿದೆ, ಎಲ್ಲದಕ್ಕೂ ಅದೇ. ಹೋದ ವರ್ಷ ಕೈತೋಟದಲ್ಲಿ ಟೊಮೆಟೊ ಬೆಳೆಯುವ ಪುಸ್ತಕದ ಮೇಲೂ ಅದನ್ನೇ ಪ್ರಯೋಗಿಸಿದ್ದೆ. ಯಾರೂ ತಕರಾರು ಮಾಡಲಿಲ್ಲ. ಆದರೆ ಈ ಸಲ ಹೆಸರಿನ ಪ್ರಶ್ನೆ. ಓದಿಯೇ ಬಿಡೋಣ ಎಂದು ಭೀಷಣ ಸಂಕಲ್ಪ ಮಾಡಿ ಮೇಜಿನ ಬಳಿ ಹೋದರೆ ಹಸ್ತಪ್ರತಿ ಮಾಯ.

ಅದು ನಮ್ಮ ಅತ್ತೆಯವರ ತೊಡೆಯ ಮೇಲಿತ್ತು. (ಒಂದು ವಾರವಿದ್ದು ಹೋಗುತ್ತೇನೆ ಎಂದು ಮಗಳ ಮನೆಗೆ ಬಂದವರು. ಅದು ಯಾವ ವಾರ ಎಂದು ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.)

"ಅತ್ತೆ, ಅದು ನನ್ನ ಕೆಲಸದ್ದು" ಎಂದೆ.

"ಇರಿ ಅಳಿಯಂದಿರೇ. ಕೊನೇ ಅಧ್ಯಾಯ ಈಗ ಮುಗೀತು, ಇನ್ನು ಮೊದಲನೇದು ಶುರು ಮಾಡ್ಬೇಕು."

"ಕೊನೇದು ಮೊದಲೇ ಓದಿದ್ರೆ ಮಜಾ ಏನುಳಿಯುತ್ತೆ?"

"ಯಾರು ಸಾಯ್ತಾರೆ ಅಂತ ಗೊತ್ತಿದ್ರೆ ಅವರನ್ನ ಜಾಸ್ತಿ ಹಚ್ಕೊಳ್ಳೋದು ತಪ್ಪುತ್ತೆ ನೋಡಿ."

ಮರುದಿನ ಬೆಳಿಗ್ಗೆ ಬೆನ್ನುಡಿ ಒಪ್ಪಿಸಬೇಕು, ಹಸ್ತಪ್ರತಿಯೋ ಅತ್ತೆಯ ಕೈ ಬಿಡಲಿಲ್ಲ. ಬೆಳಗಾಗುತ್ತಲೇ ಹಳೆಯ ಅಸ್ತ್ರಕ್ಕೇ ಸಾಣೆ ಹಿಡಿದು, ಬಟ್ಟೆ ಮಡಚುತ್ತಿದ್ದ ಹೆಂಡತಿಯ ಎದುರು ನಿಂತು ಓದಿದೆ.

"ಸಾವಿನ ಕರಿನೆರಳಿನಲ್ಲಿ, ವಂಚನೆಯ ವಿಷವರ್ತುಲದಲ್ಲಿ, ಏಕಾಂಗಿ ವೀರನೊಬ್ಬನ ರುದ್ರರಮಣೀಯ ಸಾಹಸ!"

"ಆಮೇಲೆ?"

"ಆಮೇಲೆ ಬೆಚ್ಚಿಬೀಳುವಿರಿ."

"ಯಾಕೆ?"

"ಯಾಕೆ ಅಂದ್ರೆ? ಅದೇ ಕುತೂಹಲ ಕಣೇ!"

"ರೀ, ಟೊಮೆಟೊಗೂ ಹೀಗೇ ಹೆದರಿಸಿದ್ರಿ. ಅವನು ಯಾರು, ಎಲ್ಲಿಗೆ ಹೋದ, ಹೆಂಡ್ತಿಗೆ ಏನು ಹೇಳಿ ಹೋದ, ಒಂದೂ ಇಲ್ಲ."

"ಗೂಢಚಾರ ಎಲ್ಲಾದ್ರೂ ಹೆಂಡ್ತಿಗೆ ಹೇಳಿ ಹೋಗ್ತಾನಾ?"

"ಹೇಳ್ದೆ ಹೋಗಿ ನೋಡ್ಲಿ!" ಎಂದಳು ನನ್ನ ಅಂಗಿಯನ್ನು ಪಟಾರನೆ ಕೊಡವುತ್ತ.

ಕಲೆಯ ಗಂಧಗಾಳಿ ಇಲ್ಲದ ಮನೆ ಎಂದು ಗೊಣಗುತ್ತ ಸ್ನಾನಕ್ಕೆ ಹೋದೆ. ತಲೆಗೆ ಸೋಪು ಹಚ್ಚಿಕೊಂಡಿದ್ದಾಗಲೇ ಹಜಾರದಲ್ಲಿ ಫೋನ್ ಬಡಿದುಕೊಂಡಿತು. ಪ್ರಕಾಶಕರೇ ಇರಬೇಕು. ಎತ್ತಿದವರು ಅತ್ತೆ.

"ಅಳಿಯಂದಿರು ಸ್ನಾನ ಮಾಡ್ತಿದಾರೆ. ಕಥೆ ತಾನೇ? ನಾನು ಹೇಳ್ತೀನಿ ಕೇಳಿ. ಅವನು ಪಾಪ ಗಡಿಯಾರ ರಿಪೇರಿ ಮಾಡೋನು. ಹಾಗಂತ ಅವನ ಹೆಂಡ್ತಿ ಅಂದ್ಕೊಂಡಿದಾಳೆ. ನಿಜವಾಗ್ಲೂ ಗೂಢಚಾರ! ಶತ್ರುಗಳ ಮುಖ್ಯಸ್ಥರು ಈ ಊರಲ್ಲೇ ಇದಾರೆ, ಹಿಡ್ಕೊಂಡು ಬಾ ಅಂತ ಮೇಲಿನವರು ವಿಳಾಸ ಕೊಡ್ತಾರೆ. ನೋಡಿದ್ರೆ ಅವನ ಮನೇದೇ ವಿಳಾಸ! ಓಡೋಡಿ ಬರ್ತಾನೆ. ಹೆಂಡ್ತಿ ಅಡುಗೆಮನೇಲಿ ಹಾಡ್ಕೊಂಡಿದಾಳೆ. ಮಹಡಿ ಕೋಣೇಲಿ ದೀಪ ಉರೀತಿದೆ. ಪಿಸ್ತೂಲು ಹಿಡ್ಕೊಂಡು ಮೆಟ್ಲು ಹತ್ತಿ ಬಾಗ್ಲು ತಳ್ತಾನೆ. ಒಳಗೆ ಕುರ್ಚಿ ಮೇಲೆ ಕೂತಿರೋರು ಯಾರು ಅಂದ್ರೆ... ಅಯ್ಯೋ ಇರಿ, ಹಾಲು ಉಕ್ತಿದೆ!"

ಫೋನ್ ಇಟ್ಟ ಸದ್ದು. ನಾನು ಬಚ್ಚಲಿನ ಬಾಗಿಲಿಗೆ ಕಿವಿ ಹಚ್ಚಿ ನಿಂತೇ ಇದ್ದೆ. ಯಾರು ಕೂತಿದ್ದರು? ಸೋಪು ಕಣ್ಣಿಗೆ ಇಳಿದು ಉರಿಯತೊಡಗಿದಾಗಲೇ ನನಗೆ ಮೈಮೇಲೆ ಎಚ್ಚರ ಬಂದದ್ದು.

ನಾನು ತಲೆ ಒರೆಸಿಕೊಳ್ಳುವಷ್ಟರಲ್ಲಿ ಪ್ರಕಾಶಕರು ಏದುಸಿರು ಬಿಡುತ್ತ ಬಾಗಿಲಲ್ಲಿದ್ದರು. ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ.

"ಅಮ್ಮಾ, ಯಾರು ಕೂತಿದ್ರು?"

"ನಿಮ್ದೇ ಪುಸ್ತಕ ಅಲ್ವಾ?" ಎಂದೆ ನಾನು.

"ಓದ್ತಾ ಕೂತ್ರೆ ಅಚ್ಚು ಹಾಕೋದ್ಯಾವಾಗ ಸ್ವಾಮಿ?"

ಅತ್ತೆ ನಕ್ಕರು. "ಈಗ್ಲೇ ಹೇಳ್ಬಿಟ್ರೆ ಯಾರು ಕೊಂಡ್ಕೋತಾರೆ?"

ಪ್ರಕಾಶಕರು ಅವರ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಹಸ್ತಪ್ರತಿ ಎತ್ತಿಕೊಂಡು ಹೊರಟರು. ನಾನು ಮುಂದೆ ಹಿಡಿದ ರುದ್ರರಮಣೀಯ ಹಾಳೆಯನ್ನೂ ತೆಗೆದುಕೊಂಡರು. ಅದರಿಂದ ಗಾಳಿ ಬೀಸಿಕೊಳ್ಳುತ್ತ ಬೀದಿಯ ತಿರುವಿನಲ್ಲಿ ಮರೆಯಾದರು.

ಪುಸ್ತಕ ಬಂತು. ಬೆನ್ನ ಮೇಲೆ ಅತ್ತೆಯ ಮಾತು ಅಕ್ಷರಶಃ, "ಹಾಲು ಉಕ್ತಿದೆ!" ತನಕ. ಅದರ ಕೆಳಗೆ ಹೆಸರು. ಅವರದು.

ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ. ಆದರೆ ಅತ್ತೆ ಕನ್ನಡಕ ಏರಿಸಿಕೊಂಡು ಆ ಹೆಸರಿನ ಮೇಲೆ ಮೆಲ್ಲಗೆ ಬೆರಳಾಡಿಸಿ, "ನಂದೇ ಕಣೇ!" ಎಂದು ಮಗಳನ್ನು ಕರೆದಾಗ ನನಗೂ ಖುಷಿಯಾಯಿತು. ಅವರಿಬ್ಬರೂ ಕುಣಿಯುವುದೊಂದು ಬಾಕಿ. ಬಂದಿದ್ದ ಒಂದೇ ಪ್ರತಿಯನ್ನು ಅತ್ತೆ ಅವತ್ತೇ ತಮ್ಮ ತಂಗಿಗೆ ಕಳಿಸಿಕೊಟ್ಟರು.

ಕುರ್ಚಿ ಮೇಲೆ ಕೂತವರು ಯಾರು ಎಂಬ ಹುಳು ಮಾತ್ರ ನನ್ನ ತಲೆ ಕೊರೆಯುತ್ತಲೇ ಇತ್ತು. ಕೇಳೋಣವೆಂದರೆ ಮರ್ಯಾದೆ ಪ್ರಶ್ನೆ. ಕೊನೆಗೆ ಅಂಗಡಿಗೆ ಹೋಗಿ, ಸಾಲಿನಲ್ಲಿ ಉಗುರು ಕಚ್ಚುತ್ತ ನಿಂತು, ಪುಸ್ತಕ ಕೊಂಡು ತಂದೆ. ಬೆನ್ನುಡಿ ಬರೆಯುವವನು ಬೆನ್ನುಡಿ ಓದಿ ಪುಸ್ತಕ ಕೊಂಡ! ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕಾದಂಬರಿಯನ್ನು ಮೊದಲ ಪುಟದಿಂದ ಓದಿದೆ. ಹೆಂಡತಿ ಕರೆದರೂ ತಲೆ ಎತ್ತಲಿಲ್ಲ. ಇನ್ನೇನು ಬಾಗಿಲು ತಳ್ಳಬೇಕು, ಹಿಂದಿನಿಂದ ಅತ್ತೆ ಬಗ್ಗಿ ನೋಡಿದರು.

"ಎಲ್ಲಿಗೆ ಬಂತು ಅಳಿಯಂದಿರೇ?"

"ಮೆಟ್ಲು ಹತ್ತಿದಾನೆ. ದಮ್ಮಯ್ಯ, ಹೇಳ್ಬೇಡಿ!"

"ಅಯ್ಯೋ, ಇನ್ನೂ ಮೆಟ್ಲಲ್ಲೇ ಇದಾನಾ? ಒಳಗೆ ಕೂತಿರೋದು ಅವನ ಅತ್ತೆ. ಶತ್ರುಗಳಿಗೆಲ್ಲ ಅವರೇ ಯಜಮಾನಿ."

ಊರಿಗೆಲ್ಲ ಮುಚ್ಚಿಟ್ಟ ಗುಟ್ಟು ನನಗೊಬ್ಬನಿಗೆ ಬಿಟ್ಟಿಯಾಗಿ ಸಿಕ್ಕಿತ್ತು. ಪುಸ್ತಕ ಮುಚ್ಚಿದೆ.

"ಕೈಯಲ್ಲಿ ಪಿಸ್ತೂಲು ಇದೆಯಲ್ಲ ಅತ್ತೆ. ಅಳಿಯ ಏನು ಮಾಡ್ತಾನೆ?"

"ಏನ್ ಮಾಡ್ತಾನೆ ಪಾಪ, ಶರಣಾಗ್ತಾನೆ" ಎಂದು ಅತ್ತೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಕುರ್ಚಿಯಲ್ಲಿ ಕೂತರು. "ಒಲೆ ಮೇಲೆ ಹಾಲಿಟ್ಟಿದೀನಿ. ಸ್ವಲ್ಪ ನೋಡ್ಕೊಳ್ಳಿ."

ನಾನು ಹೋಗಿ ಒಲೆಯ ಮುಂದೆ ನಿಂತುಕೊಂಡೆ.