ಬಿಸ್ಕತ್ತಿನ ಡಬ್ಬಿಯ ಒಪ್ಪಂದ

ಬಸ್ ಡಿಪೋದ ಕಾರ್ಮಿಕ ಸಂಘದ ಕಾರ್ಯದರ್ಶಿಗೆ ಮೂರು ಮಂದಿ ಮ್ಯಾನೇಜರುಗಳು ಮಣಿದಿದ್ದರು. ಮನೆಯ ಬಿಸ್ಕತ್ತಿನ ಡಬ್ಬಿ ಮಾತ್ರ ಮಣಿದಿರಲಿಲ್ಲ. ಶಾಲೆಗೆ ರಜೆ. ಎಂಟಕ್ಕೆ ಬ್ರೆಡ್ಡು-ಜಾಮು ತಿಂದ ಇಬ್ಬರು ಹೆಣ್ಣುಮಕ್ಕಳು ಹತ್ತೂವರೆಗೆಲ್ಲ ಹಸಿವು ಎಂದು ಡಬ್ಬಿಗೆ ಮುತ್ತಿಗೆ ಹಾಕುವರು, ಮಧ್ಯಾಹ್ನ ತಟ್ಟೆಯ ಮುಂದೆ ಮೂತಿ ತಿರುವುವರು. (ಮುತ್ತಿಗೆ ಹಾಕುವುದನ್ನು ಕಲಿಸಿದವನು ಅವನೇ. ದೂರು ಯಾರಿಗೆ ಕೊಡುವುದು?)

ಡಿಪೋದ ನರ್ಸಮ್ಮ ಉಪಾಯ ಹೇಳಿದರು. "ಜಾಮು ಹುಲ್ಲಿನ ಬೆಂಕಿ ಇದ್ದಂಗೆ, ಭಗ್ ಅಂತ ಉರಿದು ಆರಿಹೋಗುತ್ತೆ. ಮೊಟ್ಟೆ, ಕಾಳು ಅಂದ್ರೆ ಸೌದೆ. ಬೆಳಿಗ್ಗೆ ಹೊಟ್ಟೆಗೆ ಪ್ರೋಟೀನ್ ಬಿದ್ರೆ ಮಕ್ಕಳು ಅಷ್ಟು ಬೇಗ ಹಸಿವು ಅನ್ನಲ್ಲ."

ಕಾರ್ಯದರ್ಶಿ ಅಂದೇ ಮನೆಯಲ್ಲಿ ಮೊಟ್ಟೆಯ ಕ್ರಾಂತಿ ಘೋಷಿಸಿದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಹಲ್ಲಿನಲ್ಲಿ ದಾರ ಕಡಿದು, "ಬೇಯಿಸೋರು ಯಾರು?" ಎಂದಳು.

"ತತ್ವ ಮುಖ್ಯ ಕಣೇ."

"ತತ್ವ ಸುಲಿದು ಉಪ್ಪು ಹಚ್ಚಿ ಕೊಡೋಕಾಗಲ್ಲ ಕಣ್ರೀ. ಊರಿಗೆ ಉಪಕಾರಿ, ಮನೆಗೆ ಮಾರಿ."

ಮಾತುಕತೆ ಎರಡು ಸುತ್ತು ನಡೆದು ಒಪ್ಪಂದವಾಯಿತು. ಕರಡು ಕಾರ್ಯದರ್ಶಿಯದೇ: "ಏಳು ದಿನ ಈ ಮನೆಯ ಯಾವುದೇ ಸದಸ್ಯರು, ಯಾವುದೇ ಕಾರಣಕ್ಕೂ ಊಟಕ್ಕೆ ಮುಂಚೆ ಡಬ್ಬಿಯ ಬಿಸ್ಕತ್ತು ತಿನ್ನತಕ್ಕದ್ದಲ್ಲ. ತಿನ್ನದಿದ್ದಲ್ಲಿ ವರ್ಷವಿಡೀ ಬೆಳಗಿನ ತಿಂಡಿ ಮಾಡುವ ಕೆಲಸ ಹೆಂಡತಿಯದು, ತಿಂದಲ್ಲಿ ಗಂಡನದು." ಆ ಎರಡು 'ಯಾವುದೇ'ಗಳ ಬಗ್ಗೆ ಅವನಿಗೆ ವಿಪರೀತ ಹೆಮ್ಮೆ. ಮ್ಯಾನೇಜರುಗಳು ನುಸುಳುವ ಸಂದುಗಳನ್ನು ಮುಚ್ಚಿ ಮುಚ್ಚಿ ಪಳಗಿದ ಕೈ. ಡಬ್ಬಿಗೆ ಬೀಗ ಬಿತ್ತು. ಬೀಗದ ಕೈ ಅವನ ಅಂಗಿಯ ಜೇಬು ಸೇರಿತು.

ಮೊದಲ ದಿನ ಹೆಂಡತಿ ಬೇಯಿಸಿದ್ದು ಮೂರು ಮೊಟ್ಟೆ, ಮಕ್ಕಳಿಗೆ ಎರಡು, ತನಗೊಂದು.

"ನಿಮಗೆ?"

"ನಾಯಕನಾದವನು ಮೊದಲು ಉಣ್ಣಬಾರದು," ಎಂದು ಅವನು ಉಳಿದ ಬ್ರೆಡ್ಡು-ಜಾಮು ತಿಂದ. ದಿನವೂ ಅದನ್ನೇ ತಿಂದ.

ಹತ್ತೂವರೆಯಾಯಿತು. ಮಕ್ಕಳು ಮೆಟ್ಟಿಲ ಮೇಲೆ ಆಡುತ್ತಲೇ ಇದ್ದರು, ಡಬ್ಬಿಯ ಹೆಸರಿಲ್ಲ. ಹನ್ನೊಂದಕ್ಕೆ ಘೋಷಣೆ ಕೇಳಿಬಂದದ್ದು ಕಾರ್ಯದರ್ಶಿಯ ಹೊಟ್ಟೆಯೊಳಗಿಂದ. ಆ ವಾರ ಅವನದು ಎರಡನೇ ಪಾಳಿ, ಮಧ್ಯಾಹ್ನದವರೆಗೆ ಮನೆಯಲ್ಲೇ ಬಿಡಾರ. ಬಿಸ್ಕತ್ತು ಮೆತ್ತಗಾಗಿದೆಯೇ ಎಂದು ಪರೀಕ್ಷಿಸುವುದು ಜವಾಬ್ದಾರಿಯುತ ಸ್ಥಾನದಲ್ಲಿರುವವನ ಕರ್ತವ್ಯವೆನಿಸಿತು. ಒಂದನ್ನು ತಿಂದರೆ ಗೊತ್ತಾಗುವುದಿಲ್ಲ, ಎರಡು ತಿಂದ. ಮಾರನೆಯ ದಿನ ನಾಲ್ಕು. ಹೀಗೆ ತಪಾಸಣೆ ದಿನದಿಂದ ದಿನಕ್ಕೆ ಬಿಗಿಯಾಯಿತು.

ಏಳನೆಯ ಮಧ್ಯಾಹ್ನ ಮಕ್ಕಳು ತಟ್ಟೆ ಬಳಿದು ಉಂಡರು. ಕಾರ್ಯದರ್ಶಿ ಎದ್ದು ನಿಂತು ವಿಜಯ ಭಾಷಣ ಶುರು ಮಾಡಿದ.

"ಭಾಷಣ ಆಮೇಲೆ. ಗೆದ್ದಿದ್ದಕ್ಕೆ ಬಿಸ್ಕತ್ತು ಕೊಡಪ್ಪ," ಎಂದಳು ದೊಡ್ಡವಳು.

"ಬೀಗದ ಕೈ... ಡಿಪೋದಲ್ಲಿ ಮರೆತೆ."

ಚಿಕ್ಕವಳು ಕುರ್ಚಿ ಹತ್ತಿ, ಅವನ ಜೇಬಿಗೆ ಕೈ ಹಾಕಿ, ಬೀಗ ತೆಗೆದೇಬಿಟ್ಟಳು. ಡಬ್ಬಿಯಲ್ಲಿ ಚೂರುಪಾರು ಪುಡಿ, ದಾರಿ ತಪ್ಪಿದ ಒಂದು ಇರುವೆ.

"ಇಲಿ," ಎಂದ ಕಾರ್ಯದರ್ಶಿ.

"ಬೀಗ ತೆಗೆದು, ತಿಂದು, ಮತ್ತೆ ಬೀಗ ಹಾಕ್ಕೊಂಡು ಹೋಯ್ತಾ?" ದೊಡ್ಡವಳು ಕೇಳಿದಳು. "ಮೀಸೇಲಿ ಪುಡಿ ಇರೋ ಇಲಿನಾ?"

ಅವನು ಕೈ ಮೀಸೆಗೆ ಒಯ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡದ್ದೂ ಹೀಗೆಯೇ ಇರಬೇಕು. ಮೀಸೆಯಲ್ಲಿ ಏನೂ ಇರಲಿಲ್ಲ.

ಹೆಂಡತಿ ಯಂತ್ರದ ಡ್ರಾಯರಿನಿಂದ ಒಪ್ಪಂದ ತೆಗೆದು ನಿಧಾನಕ್ಕೆ ಓದಿದಳು. "ಯಾವುದೇ ಸದಸ್ಯರು. ಯಾವುದೇ ಕಾರಣಕ್ಕೂ."

"ಅದು ಮಕ್ಕಳಿಗೆ ಅಂತ ಬರೆದದ್ದು ಕಣೇ."

"ಸಹಿ ಹಾಕಿದ ಮೇಲೆ ಮ್ಯಾನೇಜರುಗಳೂ ಹೀಗೇ ಅಂತಾರೆ ಅಂತ ನೀವೇ ಬೈತಿದ್ರಲ್ಲ."

ಮಾರನೆಯ ಬೆಳಿಗ್ಗೆ ಆರಕ್ಕೆ ಕಾರ್ಯದರ್ಶಿ ಒಲೆಯ ಮುಂದೆ ನಿಂತಿದ್ದ. ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯೂ ಕಿತ್ತುಬರುತ್ತಿತ್ತು. ಕಣ್ಣುಜ್ಜುತ್ತ ಬಂದ ಚಿಕ್ಕವಳು ಪಾತ್ರೆಗೆ ಇಣುಕಿದಳು.

"ಮೂರೇನಾ? ಇನ್ನೊಂದು ಹಾಕಪ್ಪ, ನೀನೂ ತಿನ್ನು. ಬೀಗದ ಕೈ ಈಗ ನನ್ನ ಹತ್ರ ಇದೆ."