ಡಬ್ಬಿಯ ತಳದ ಹೆಸರು

ಧನಸುಖಲಾಲರಿಗೆ ಭಾನುವಾರವೆಂದರೆ ರಜೆಯಲ್ಲ, ದಂಡಯಾತ್ರೆ. ಬೆಳಗಿನ ಚಹಾ ಗಂಟಲಿಗಿಳಿಯುವುದೇ ತಡ, ಚೀಲ ಹೆಗಲಿಗೇರಿಸಿ ಓಣಿ ದಾಟಿ, ಸಾಬರಮತಿ ದಂಡೆಯ ರವಿವಾರಿ ಸಂತೆಗೆ ಹಾಜರ್. ಅಹಮದಾಬಾದಿನ ಹಳೆಯ ಸಾಮಾನೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೇ. ಅಲ್ಲಿಂದ ಬಂದು ಸೇರುವುದು ಧನಸುಖಲಾಲರ ಮನೆಗೆ. ಎಡಚರ ಕತ್ತರಿ (ಮನೆಯಲ್ಲಿ ಎಡಚರಿಲ್ಲ), ಬರೇ ಹನ್ನೆರಡಕ್ಕೇ ನಂಬಿಕೆಯಿಟ್ಟು ನಿಂತ ಗಡಿಯಾರ, ಹಲ್ಲಿನ ಡಾಕ್ಟರೊಬ್ಬರ ಕುರ್ಚಿ. ಆ ಕುರ್ಚಿ ಹಜಾರದ ನಡುವೆ ವಿರಾಜಮಾನವಾದ ಮೇಲೆ ನೆಂಟರು ನಿಂತೇ ಮಾತಾಡಿ ಹೋಗುತ್ತಿದ್ದರು.

ಬೇಕಾಗಿದೆ ಅಂತ ಅವರು ಕೊಳ್ಳುತ್ತಿದ್ದದ್ದಲ್ಲ. ಬಿಟ್ಟು ಬಂದರೆ ಅನ್ಯಾಯವಾದೀತು ಅಂತ. ಸುಖವೆಲ್ಲ ಇದ್ದದ್ದು ಚೌಕಾಸಿಯಲ್ಲಿ. ಬೆಲೆ ಕೇಳಿದೊಡನೆ ಎದೆ ಹಿಡಿದುಕೊಳ್ಳುವುದು, ಅರ್ಧಕ್ಕಿಂತ ಕಡಿಮೆ ಹೇಳುವುದು, ಬೇಡವೇ ಬೇಡ ಎಂದು ಹತ್ತು ಹೆಜ್ಜೆ ನಡೆದುಬಿಡುವುದು. ಆಗ ಬೆನ್ನ ಹಿಂದಿನಿಂದ "ಕಾಕಾ, ತಗೊಂಡ್ಹೋಗಿ" ಎಂಬ ಕೂಗು ಬರುತ್ತದಲ್ಲ, ಅದರ ಮುಂದೆ ಯಾವ ಸಂಗೀತ?

ಹೆಂಡತಿ ಮಧುಕಾಂತಾಬೇನ್ ಈ ಸಂಗೀತಕ್ಕೆ ಪೂರಾ ಕಿವುಡಿ. ದೀಪಾವಳಿಗೆ ಮುಂಚೆ ಮನೆ ತೊಳೆಯುವಾಗ ಅಟ್ಟದಿಂದ ಗಂಡನ ಕೊಡುಗೆಗಳು ಒಂದೊಂದಾಗಿ ತಲೆಯ ಮೇಲೆ ಬಿದ್ದದ್ದೇ ನೆಪವಾಯಿತು. ಗಂಡನನ್ನು ಕರೆದು ನಿಲ್ಲಿಸಿ, ಪೊರಕೆಯನ್ನು ಕೆಳಗಿಡದೆ ಆಜ್ಞೆ ಹೊರಡಿಸಿದರು.

"ಕೇಳಿಸ್ಕೊಳ್ಳಿ. ಇನ್ನೊಂದು ಹಳೇ ಸಾಮಾನು ಈ ಹೊಸ್ತಿಲು ದಾಟಿ ಒಳಗೆ ಬಂದ್ರೆ, ನಾನು ಅದೇ ಹೊಸ್ತಿಲು ದಾಟಿ ಹೊರಗೆ. ನಡಿಯಾದ್‌ನಲ್ಲಿ ನಮ್ಮಣ್ಣ ಇನ್ನೂ ಗಟ್ಟಿಯಾಗಿದ್ದಾನೆ."

ಅಷ್ಟಕ್ಕೇ ಬಿಡಲಿಲ್ಲ. ಮರುದಿನ, ಹಳೆಯದನ್ನು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಓಣಿಗೆ ಬಂದಾಗ ಅಟ್ಟದಿಂದ ಒಂದು ಗೋಣಿಚೀಲವನ್ನು ಕಟ್ಟು ಬಿಚ್ಚದೆ ಅವಳಿಗೆ ಒಪ್ಪಿಸಿ, ಹೊಳೆಯುವ ಬಕೆಟ್ಟೊಂದನ್ನು ಗೆದ್ದುಕೊಂಡರು. ಆದರೆ ಗೆದ್ದವರ ಕಳೆ ಅವರ ಮುಖದಲ್ಲಿ ಎರಡು ದಿನವೂ ಉಳಿಯಲಿಲ್ಲ. ಮಾತು ಕಡಿಮೆಯಾಯಿತು. ದಿನಕ್ಕೆರಡು ಸಲ ಅಟ್ಟ ಹತ್ತಿ ಏನೋ ತಡಕಾಡಿ ಸಪ್ಪಗೆ ಇಳಿಯುತ್ತಿದ್ದರು. ಇದೆಲ್ಲ ತಮ್ಮ ಮೇಲಿನ ಸಿಟ್ಟೇ ಎಂದು ಧನಸುಖಲಾಲರು ತೀರ್ಮಾನಿಸಿದರು. ಹದಿನೈದು ದಿನಕ್ಕೆ ಮದುವೆಯ ನಲವತ್ತನೇ ವಾರ್ಷಿಕೋತ್ಸವ. ಉಡುಗೊರೆ ಹೊಸದೇ ತರುತ್ತೇನೆ, ಅಂಗಡಿಯದ್ದೇ ತರುತ್ತೇನೆ ಎಂದು ದೇವರ ಗೂಡಿನ ಮುಂದೆ ನಿಂತು ಮಾತು ಕೊಟ್ಟರು.

ಮುಂದಿನ ಭಾನುವಾರ ಅವರು ಹೊರಟದ್ದು ನದಿ ದಂಡೆಯಲ್ಲಿ ಗಾಳಿ ಸೇವಿಸಲಿಕ್ಕೆ. ಹಾಗಂತ ಹೆಂಡತಿಗೆ ಹೇಳಿದರು, ತಾವೂ ಅರ್ಧ ನಂಬಿದರು. ಗಾಳಿ ಸೇವಿಸಲು ಕನ್ನಡಕವೇತಕ್ಕೆಂದು ಅದನ್ನು ಮನೆಯಲ್ಲೇ ಬಿಟ್ಟರು. ಗಾಳಿ ಮಾತ್ರ ಅವರನ್ನು ನೇರವಾಗಿ ಪಾತ್ರೆಗಳ ಸಾಲಿಗೆ ತಂದು ನಿಲ್ಲಿಸಿತು. ಅಲ್ಲಿ, ತಗಡಿನ ರಾಶಿಯ ಮಧ್ಯೆ, ಕರಿಹಿಡಿದು ಕೂತಿತ್ತು ಒಂದು ಕಟೋರ್‌ದಾನ್. ಮದುವಣಗಿತ್ತಿಯರು ತವರಿನಿಂದ ತರುವ, ಮುಚ್ಚಳವಿರುವ ಹಿತ್ತಾಳೆಯ ರೊಟ್ಟಿ ಡಬ್ಬಿ. ಎತ್ತಿದರೆ ಮಣಿಕಟ್ಟು ಉಳುಕುವಷ್ಟು ಭಾರ. ಮುಚ್ಚಳದಲ್ಲಿ ಒಂದು ಸಣ್ಣ ನೆಗ್ಗು, ಅಷ್ಟೇ. ಎದೆ ಹಿಡಿದುಕೊಂಡರು, ಹತ್ತು ಹೆಜ್ಜೆ ನಡೆದರು, ಕೂಗು ಬಂತು. ಡಬ್ಬಿ ಚೀಲದೊಳಗಾಯಿತು.

ಆಮೇಲೆ ಹೊಸ್ತಿಲಿನ ಆಜ್ಞೆ ನೆನಪಾಯಿತು. ಇದು ಹಳೆಯದು ಎಂದು ಗೊತ್ತಾದರೆ ನಡಿಯಾದ್ ರೈಲು ಹೊರಟಂತೆಯೇ. ಸರಿ, ಹುಣಸೆಹಣ್ಣು ಹಾಕಿ ಉಜ್ಜಿಸಿದರೆ ಹಿತ್ತಾಳೆಗೆಲ್ಲಿಯ ವಯಸ್ಸು? ಉಳಿದದ್ದು ತಳದಲ್ಲಿ ಕೆತ್ತಿದ ಹೆಸರು. ಓಣಿಯ ಊಟಗಳಲ್ಲಿ ಎಲ್ಲರ ಪಾತ್ರೆ ಕಲೆತುಹೋಗುವುದರಿಂದ ಹೆಸರು ಹಾಕಿಸದ ಪಾತ್ರೆಯೇ ಆ ಊರಲ್ಲಿಲ್ಲ. ಬೆರಳಿಗೆ ಅಕ್ಷರ ತಾಗುತ್ತಿತ್ತು, ಕಣ್ಣಿಗೆ ಹತ್ತುತ್ತಿರಲಿಲ್ಲ. ಮಾಣೆಕ್ ಚೌಕದಲ್ಲಿ ಪಾತ್ರೆಗೆ ಹೆಸರು ಕೆತ್ತುವ ಬಚುಭಾಯಿಯ ಮುಂದೆ ಹೋಗಿ ಕುಕ್ಕರಿಸಿದರು.

ಬಚುಭಾಯಿಯ ಕೂಲಿ ಅಕ್ಷರದ ಲೆಕ್ಕ. ಹೊಸದಾಗಿ 'ಮಧುಕಾಂತಾಳಿಗೆ, ಧನಸುಖಲಾಲ್ ಕಡೆಯಿಂದ' ಎಂದು ಹಾಕಲು ಹೇಳಿದ ಧನಸುಖಲಾಲರು ಕೂಲಿ ಕೇಳಿ ಹೆಂಡತಿಯ ಹೆಸರನ್ನು ಮಧು ಎಂದು ಮೊಟಕುಗೊಳಿಸಿದರು. ತಮ್ಮ ಹೆಸರನ್ನು ಮುಟ್ಟಲಿಲ್ಲ.

ಬಚುಭಾಯಿ ತಳ ನೋಡಿದ, ಇವರ ಮುಖ ನೋಡಿದ. "ಕಾಕಾ, ಇಲ್ಲಿ ಈಗಾಗ್ಲೇ..."

"ಇದ್ದಿದ್ದು ಯಾರದ್ದಾದ್ರೂ ಆಗಿರ್ಲಿ. ಒಂದಕ್ಷರನೂ ಉಳೀಬಾರ್ದು. ನಿನ್ ಕೆಲ್ಸ ನೀನ್ ಮಾಡಪ್ಪ."

ತೆಗೆಯುವುದಕ್ಕೊಂದು, ಹಾಕುವುದಕ್ಕೊಂದು ಕೂಲಿ ಸಿಗುವಾಗ ಬಚುಭಾಯಿಗೆ ವಾದ ಮಾಡುವ ಉಸಾಬರಿ ಯಾಕೆ?

ವಾರ್ಷಿಕೋತ್ಸವದ ಬೆಳಗ್ಗೆ ಮಧುಕಾಂತಾಬೇನ್ ಬಣ್ಣದ ಕಾಗದ ಬಿಚ್ಚಿದರು. ಡಬ್ಬಿ ಚಿನ್ನದಂತೆ ಹೊಳೆಯಿತು. ಅವರ ಬೆರಳು ಮುಚ್ಚಳದ ನೆಗ್ಗಿನ ಮೇಲೆ ಹೋಗಿ ನಿಂತುಬಿಟ್ಟಿತು. ಸಿಕ್ಕಿಬಿದ್ದೆ ಎಂದುಕೊಂಡ ಧನಸುಖಲಾಲರು ರೈಲಿನ ಸಮಯ ನೆನಪಿಸಿಕೊಳ್ಳುವಷ್ಟರಲ್ಲಿ ಹೆಂಡತಿಯ ಕಣ್ಣಲ್ಲಿ ನೀರು.

"ನಿಮಗೆ ಹೇಗೆ ಗೊತ್ತಾಯ್ತು?"

ಏನು ಗೊತ್ತಾಯಿತೆಂಬುದೇ ಗೊತ್ತಿಲ್ಲ. ಆದರೂ ನಲವತ್ತು ವರ್ಷದ ಅನುಭವಸ್ಥ ಗಂಡ. "ನನಗೆ ಗೊತ್ತಾಗದ್ದು ಈ ಮನೇಲಿ ಯಾವ್ದಿದೆ?" ಎಂದರು.

ಮಧುಕಾಂತಾಬೇನ್ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಎಲ್ಲ ಹೇಳಿದರು. ಇದು ಅವರ ಅಮ್ಮ ಮದುವೆಯಲ್ಲಿ ಕೊಟ್ಟ ಡಬ್ಬಿ. ಆ ನೆಗ್ಗು, ತಮ್ಮ ಮದುವೆಯ ದಿನ ಅಣ್ಣ ಅದರ ಮೇಲೆ ಕೂತು ಜಿಲೇಬಿ ತಿಂದದ್ದರ ಗುರುತು. ಅಮ್ಮ ಹೋದ ಮೇಲೆ ಬಳಸಲು ಮನಸ್ಸಾಗದೆ ಗೋಣಿಚೀಲದಲ್ಲಿ ಕಟ್ಟಿ ಅಟ್ಟದಲ್ಲಿಟ್ಟಿದ್ದರು. ದೀಪಾವಳಿಯಲ್ಲಿ ಗಂಡನ ಸಾಮಾನೆಂದು ಕೊಟ್ಟುಬಿಟ್ಟದ್ದು ಆ ಗೋಣಿಯನ್ನು. (ನಲವತ್ತು ವರ್ಷದಲ್ಲಿ ಧನಸುಖಲಾಲರಿಗೆ ರೊಟ್ಟಿಯ ಪರಿಚಯವಾಗಿತ್ತೇ ಹೊರತು ಅದು ಬರುತ್ತಿದ್ದ ಡಬ್ಬಿಯದ್ದಲ್ಲ.)

"ಹೇಳಿದ್ರೆ ಆಡ್ಕೋತೀರಿ ಅಂತ ಬಾಯಿ ಮುಚ್ಕೊಂಡಿದ್ದೆ. ನೀವು ಒಂದು ಮಾತೂ ಆಡದೆ ಸಂತೆಯೆಲ್ಲ ಜಾಲಾಡಿ ತಂದ್ರಲ್ಲ. ಇನ್ಮೇಲೆ ಪ್ರತೀ ಭಾನುವಾರ ಹೋಗಿ, ನಾನು ಬೇಡ ಅನ್ನಲ್ಲ."

ಧನಸುಖಲಾಲರು ಉಬ್ಬಿದರು. ಬಿಸಿಲಲ್ಲಿ ಅಲೆದದ್ದು, ನೂರಾರು ಡಬ್ಬಿ ಎತ್ತಿ ನೋಡಿದ್ದು, ಎಲ್ಲವನ್ನೂ ರಸವತ್ತಾಗಿ ವರ್ಣಿಸಿದರು. ಅಂಥ ಮೂರು ನಿಮಿಷ ಅವರ ಸಂಸಾರದಲ್ಲಿ ಹಿಂದೆ ಬಂದಿರಲಿಲ್ಲ.

"ಅಮ್ಮ ಹಾಕಿಸಿದ ಹೆಸರು ಅಳಿಸಿಲ್ಲ ತಾನೆ" ಎನ್ನುತ್ತ ಮಧುಕಾಂತಾಬೇನ್ ಡಬ್ಬಿ ಮಗುಚಿದರು.

ಬಚುಭಾಯಿ ಹೇಳಹೊರಟದ್ದು ಏನೆಂದು ಧನಸುಖಲಾಲರಿಗೆ ಆಗ ಹೊಳೆಯಿತು. "ಇರ್ಲಿ ಬಿಡು, ಚಹಾ ಆರ್ತಿದೆ" ಎಂದು ಕೈ ಚಾಚಿದರು. ತಡವಾಗಿತ್ತು.

"ಮಧುಗೆ, ಧನಸುಖಲಾಲ್ ಕಡೆಯಿಂದ" ಎಂದು ಹೆಂಡತಿ ಮೆಲ್ಲಗೆ ಓದಿದರು. ಬೆರಳಿನಿಂದ ಸುತ್ತಲೂ ಸವರಿ ನೋಡಿದರು. "ಅಮ್ಮ ಎಲ್ಲಿ?"

ಮಹಾ ಅನುಭವಸ್ಥ ಗಂಡ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಇದ್ದದ್ದನ್ನು ಇದ್ದಂತೆ ಒಪ್ಪಿಕೊಂಡರು, ಕನ್ನಡಕದ ವಿಷಯವನ್ನೂ ಸೇರಿಸಿ. ಮಧುಕಾಂತಾಬೇನ್ ನಡಿಯಾದಿಗೆ ಹೋಗಲಿಲ್ಲ. ಮನೆಯಲ್ಲೇ ಉಳಿದರು, ಶಿಕ್ಷೆ ಅದೇ. ಮರುದಿನ ಒಂದು ಚೀಟಿ ಬರೆದು, ಮಡಚಿ, ಡಬ್ಬಿಯೊಳಗಿಟ್ಟು ಗಂಡನ ಮುಂದೆ ಕುಕ್ಕಿದರು.

ಮಾಣೆಕ್ ಚೌಕದಲ್ಲಿ ಬಚುಭಾಯಿ ಡಬ್ಬಿ ಕಂಡೊಡನೆ ನಕ್ಕ. "ನಾನು ಅವತ್ತೇ ಹೇಳೋಕೆ ಬಂದೆ, ಕಾಕಾ."

ಚೀಟಿ ಬಿಚ್ಚಿ ಓದಿದ. ಮೊದಲ ಸಾಲು ಅವನೇ ಅಳಿಸಿದ್ದು, 'ಚಿರಂಜೀವಿ ಮಧುಗೆ, ಅಮ್ಮನ ಆಶೀರ್ವಾದ.' ಅದರ ಕೆಳಗೆ ಇನ್ನೊಂದು, 'ಇದನ್ನು ಧನಸುಖಲಾಲ್ ಕೈಗೆ ಕೊಡಬಾರದು.'

"ಎರಡ್ನೇದೂ ಹಾಕ್ಬೇಕಾ?"

"ಹಾಕು" ಎಂದರು ಧನಸುಖಲಾಲರು. ಬಚುಭಾಯಿ ಉಳಿ ಎತ್ತಿಕೊಂಡ. ಅವರು ಬೆರಳು ಮಡಚಿ ಅಕ್ಷರ ಎಣಿಸಿ ನೋಡಿ, ಅವನ ಕೈ ತಡೆದರು.

"ಆದ್ರೆ 'ಲಾಲ್' ಬಿಟ್ಬಿಡು. ಎರಡಕ್ಷರ ಉಳಿಯುತ್ತೆ."